ಕಿವಿ ಚುಚ್ಚುವ ಭಾನುವಾರ

ಹೊಸನಗರ,
೨೦ ಫೆಬ್ರುವರಿ ೨೦೨೫, ಗುರುವಾರ

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಮನೆಗೆ ಬಂದ ನೆಂಟರನ್ನೆಲ್ಲ ಜಲಪಾತದ ಬುಡದವರೆಗೆ ಇಳಿಸಿ ಹತ್ತಿಸಿಕೊಂಡು ಬರುವ ಚಟ ಬಿಟ್ಟಿದ್ದೀರೋ ಇಲ್ಲವೋ? ಬಿಟ್ಟಿರಲಾರಿರಿ. ಪವರ್‌ಹೌಸಿನ ಕೆಲಸದಿಂದ ನಿವೃತ್ತಿ ಆಯಿತು, ಜೋಗ ತೋರಿಸುವ ಕೆಲಸದಿಂದ ಆಗಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ. ಊಟವಾದ ಮೇಲೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ‘ಇದು ಸಕ್ಕರೆ ಅಲ್ವಲ್ಲ’ ಎಂದು ವಾದ ಮಾಡುವುದನ್ನೂ ಬಿಡಿ. ಇದನ್ನೆಲ್ಲ ಅಮ್ಮನನ್ನು ಕೇಳಿ ಪ್ರಯೋಜನವಿಲ್ಲ. ಫೋನಿನಲ್ಲಿ ಅವಳದು ಒಂದೇ ಪಲ್ಲವಿ: ‘ನಾವೆಲ್ಲ ಅರಾಮಿದೀವಿ ಮಾರಾಯ್ತಿ. ನೀ ಅಲ್ಲಿ ಹೊಂದ್ಕೊಂಡು ಹೋಗು.’ ನಾನು ಹೇಳಿದ್ದರಲ್ಲಿ ಅವಳು ನಿಮಗೆ ಎಷ್ಟು ದಾಟಿಸುತ್ತಾಳೆ ಎಂಬುದೂ ನನಗೆ ಗೊತ್ತು. ನಾನು ಇಲ್ಲಿ ಮೂಗು ಸೋರಿಸಿಕೊಂಡು ಅತ್ತರೆ, ಅವಳು ಅಲ್ಲಿ ನಿಮ್ಮ ಕಡೆ ತಿರುಗಿ, ತುಟಿ ಅಗಲಿಸಿ, ‘ಚೆನ್ನಾಗಿದಾಳಂತೆ’ ಎಂದು ತಿಳಿಸುತ್ತಾಳೆ. ನಿಮಗೆ ಫೋನು ಕೇಳಿಸುವಂತಿದ್ದರೆ ನಾನು ಎಂದೋ ಎಲ್ಲವನ್ನೂ ಹೇಳಿಬಿಡುತ್ತಿದ್ದೆ.

ಈಗ ಕಾಗದ ಬರೆಯಲು ಅವಕಾಶ ಮಾಡಿಕೊಟ್ಟವರು ಅತ್ತೆಯೇ. ಬೀಗರನ್ನು ಕರೆಯುವಾಗ ಕ್ರಮ ತಪ್ಪಬಾರದು ಎಂಬುದು ಅವರ ಹಟ. ‘ನಿಮ್ಮಪ್ಪಂಗೆ ಫೋನಲ್ಲಿ ಹೇಳಿದ್ರೆ ಕೇಳೋದಿಲ್ಲ. ನಿಮ್ಮಮ್ಮಂಗೆ ಹೇಳಿದ್ರೆ ಮನೆ ಯಜಮಾನ್ರಿಗೆ ಹೇಳ್ದಂಗೆ ಆಗೋದಿಲ್ಲ. ಕಾಗದ ಬರಿ, ನಾಳೆ ನಿನ್ನ ಗಂಡ ಪೋಸ್ಟಿಗೆ ಹಾಕ್ತಾನೆ’ ಎಂದರು. ಹಾಗಾಗಿ ಮೊದಲು ಅವರ ಮಾತನ್ನು ಒಪ್ಪಿಸಿಬಿಡುತ್ತೇನೆ. ಶಿವರಾತ್ರಿ ಅಮಾವಾಸ್ಯೆ ಕಳೆದ ಭಾನುವಾರ, ಅಂದರೆ ಮಾರ್ಚ್ ಎರಡನೇ ತಾರೀಕು, ಬೆಳಿಗ್ಗೆ ನಮ್ಮ ಮನೆಯಲ್ಲಿ ಪುಟ್ಟಿಗೆ ಕಿವಿ ಚುಚ್ಚಿಸುವುದೆಂದು ನಿಶ್ಚಯವಾಗಿದೆ. ನೀವು, ಅಮ್ಮ, ಗಣೇಶ ಹಿಂದಿನ ದಿನವೇ ಬಂದು, ನಿಂತು ನಡೆಸಿಕೊಡಬೇಕು. ಬಸ್ಸಿಗೆ ಕಾದು ಕೂರಬೇಡಿ, ಸಾಗರದಿಂದ ಕಾರು ಮಾಡಿಕೊಂಡು ಬನ್ನಿ. ಇಷ್ಟು ಅತ್ತೆಯ ಕರೆ. ಪಕ್ಕದಲ್ಲಿ ಕೂತು ಹೇಳಿ ಬರೆಸಿದರು. ಈಗ ಗಿರಣಿಗೆ ಗಿರಾಕಿ ಬಂದರೆಂದು ಎದ್ದು ಹೋಗಿದ್ದಾರೆ. ಇನ್ನು ಮುಂದಿನದು ನನ್ನ ಕಾಗದ.

ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ. ಕೂರಿಸಿದರೆ ಕೂರುತ್ತಾಳೆ, ಅತ್ತಿತ್ತ ವಾಲುತ್ತಾಳೆ, ವಾಲಿದ್ದಕ್ಕೆ ತಾನೇ ನಗುತ್ತಾಳೆ. ಮೂಗು ನಿಮ್ಮದು, ಹಟ ನನ್ನದು ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ಯಾರಾದರೂ ಎದುರಿಗೆ ಬಂದರೆ ಅವರ ಬಾಯಿಯನ್ನೇ ನೋಡುತ್ತಾಳೆ. ನೀವು ನಮ್ಮೆಲ್ಲರ ಬಾಯಿ ನೋಡುತ್ತೀರಲ್ಲ, ಥೇಟ್ ಹಾಗೆ. ಇವಳ ಕಿವಿಯ ವಿಷಯ ನಿಮಗೆ ಅಮ್ಮ ಎಷ್ಟು ಹೇಳಿದ್ದಾಳೋ ಗೊತ್ತಿಲ್ಲ. ‘ಸ್ವಲ್ಪ ತಡವಾಗಿ ಕೇಳಿಸುತ್ತಂತೆ’ ಎಂದಿರಬೇಕು. ಸ್ವಲ್ಪವೂ ಅಲ್ಲ, ತಡವೂ ಅಲ್ಲ. ಇವಳಿಗೆ ಎರಡು ಕಿವಿಯೂ ಬಹುಮಟ್ಟಿಗೆ ಕೇಳಿಸುವುದಿಲ್ಲ ಅಪ್ಪಾ. ಮೊದಲಿನಿಂದ ಹೇಳುತ್ತೇನೆ.

ಹುಟ್ಟಿದಾಗಲೇ ಆಸ್ಪತ್ರೆಯವರು ಕಿವಿಗೆ ಏನೋ ಹಚ್ಚಿ ನೋಡಿ, ಇನ್ನೊಮ್ಮೆ ತೋರಿಸಿ ಎಂದಿದ್ದರು. ಬಾಣಂತನದ ಗಡಿಬಿಡಿಯಲ್ಲಿ ಅದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನಮಗೆಲ್ಲ ಮೋಸ ಮಾಡಿದ್ದು ಈ ಗಿರಣಿ. ನಮ್ಮ ಕೋಣೆಗೂ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ ಎಂಬುದು ನಿಮಗೆ ಗೊತ್ತಲ್ಲ. ಮದುವೆಯಾದ ಹೊಸದರಲ್ಲಿ ಮೋಟಾರು ಹಾಕಿದ ಕೂಡಲೇ ನಾನು ಬೆಚ್ಚಿ ಬೀಳುತ್ತಿದ್ದೆ. ಪುಟ್ಟಿಯೋ, ಬೆಲ್ಟು ಬಡಿದುಕೊಂಡು ಓಡಿದರೂ, ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗಿದರೂ, ಅಲುಗದೆ ನಿದ್ದೆ ಮಾಡುತ್ತಿದ್ದಳು. ಬಂದವರಿಗೆಲ್ಲ ಅತ್ತೆ ಹೆಮ್ಮೆಯಿಂದ ತೋರಿಸುತ್ತಿದ್ದರು. ‘ನೋಡಿ, ಗಿರಣಿ ಮನೆ ಮಗು. ಹೊಟ್ಟೇಲಿ ಇರೋವಾಗ್ಲೇ ಸದ್ದಿಗೆ ಒಗ್ಗಿದೆ.’ ಅಕ್ಕಿ ಡಬ್ಬ ಹಿಡಿದು ಬಂದ ಹೆಂಗಸರು, ತಮ್ಮ ಮಕ್ಕಳು ಚಮಚ ಬಿದ್ದರೆ ಏಳುತ್ತವೆ ಎಂದು ನನ್ನ ಅದೃಷ್ಟಕ್ಕೆ ಹೊಟ್ಟೆಕಿಚ್ಚು ಪಟ್ಟರು. ನಾನೂ ಬೀಗಿದ್ದೆ. ಇಷ್ಟು ಒಳ್ಳೆಯ ಮಗು ಯಾರಿಗಿದೆ ಎಂದುಕೊಂಡಿದ್ದೆ. ಮೆಣಸಿನಪುಡಿ ಮಾಡಿಸಲು ಬಂದವರಿದ್ದಾಗ ಮಾತ್ರ ಎದ್ದು ಸೀನುತ್ತಿದ್ದಳು. ಒಂದು ದಿನ ಕರೆಂಟು ಹೋಗಿ ಗಿರಣಿ ನಿಂತಿತ್ತು, ಮನೆಯೆಲ್ಲ ಸುಮ್ಮನಿತ್ತು. ನಾನು ಬೆನ್ನ ಹಿಂದೆ ನಿಂತು ಕರೆದೆ. ಚಪ್ಪಾಳೆ ಹೊಡೆದೆ. ತಾಟು ಬಡಿದೆ. ಇವಳು ತನ್ನ ಕಾಲಿನ ಹೆಬ್ಬೆರಳು ಹಿಡಿದು ಆಡುತ್ತಲೇ ಇದ್ದಳು.

ಅತ್ತೆಗೆ ಹೇಳಿದರೆ ನಂಬಲಿಲ್ಲ. ಇವತ್ತಿಗೂ ಪೂರ್ತಿ ನಂಬಿಲ್ಲ. ‘ಸದ್ದಲ್ಲೇ ಬೆಳೆದ ಮಗು, ನಿನ್ನ ತಾಟಿಗೆಲ್ಲ ತಿರುಗ್ತದಾ?’ ಎಂದು ನನಗೇ ತಿರುಗಿ ಕೇಳಿದರು. ಶಿವಮೊಗ್ಗದ ಪರೀಕ್ಷೆಯಲ್ಲಿ ಖಾತ್ರಿಯಾದ ಮೇಲೆ ಅವರ ಮಾತು ಬೇರೆ ದಿಕ್ಕಿಗೆ ಹೊರಳಿತು. ಇದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದೆ, ಆದರೆ ಬೇರೆಯವರ ಬಾಯಿಂದ ಬಂದು ಮುಟ್ಟುವುದಕ್ಕಿಂತ ನಾನೇ ಹೇಳುವುದು ಮೇಲು. ‘ಅಜ್ಜನ ಕಡೆಯಿಂದ ಬಂದಿದ್ದು’ ಎಂದರು. ಅಪ್ಪಾ, ಇಲ್ಲಿ ಓದುವುದನ್ನು ನಿಲ್ಲಿಸಿ ಮುಖ ಸಣ್ಣದು ಮಾಡಿಕೊಂಡು ಕೂರಬೇಡಿ, ಮುಂದೆ ಓದಿ. ಪರೀಕ್ಷೆ ಮಾಡುವ ಮೇಡಂ ಹತ್ತಿರ ನಾನು ಇದನ್ನೇ ಕೇಳಿದೆ. ನಮ್ಮ ತಂದೆ ಟರ್ಬೈನಿನ ಪಕ್ಕದಲ್ಲಿ ಇಡೀ ಆಯುಷ್ಯ ಕೆಲಸ ಮಾಡಿ ಕಿವಿ ಕಳೆದುಕೊಂಡವರು, ಅದು ಇವಳಿಗೆ ಬಂತಾ ಎಂದೆ. ಅವರು, ‘ಯಂತ್ರದ ಸದ್ದಿಗೆ ಹಾಳಾದ ಕಿವಿ ಮೊಮ್ಮಕ್ಕಳಿಗೆ ಬರೋದಿಲ್ಲಮ್ಮಾ’ ಎಂದು ಸ್ಪಷ್ಟವಾಗಿ ಹೇಳಿದರು. ನಿಮ್ಮಿಂದ ಬಂದದ್ದಲ್ಲ. ಇನ್ನೊಮ್ಮೆ ಬರೆಯುತ್ತೇನೆ: ನಿಮ್ಮಿಂದ ಬಂದದ್ದಲ್ಲ. ಈ ಮಾತನ್ನು ಮನೆಯಲ್ಲಿ ಹೇಳಿದೆ, ಅತ್ತೆ ಕೇಳಿಸಿಕೊಂಡು ಅಕ್ಕಿ ಆರಿಸುವುದನ್ನು ಮುಂದುವರಿಸಿದರು. ಇವರು ಮಾತ್ರ, ‘ಬಿಡು, ಅಮ್ಮಂಗೆ ಬೇಜಾರಲ್ಲಿ ಏನೋ ಬಾಯಿಗೆ ಬಂತು’ ಎಂದರು. ಈ ಮನೆಯಲ್ಲಿ ಬೇಜಾರಾಗುವ ಹಕ್ಕು ಒಬ್ಬರಿಗೇ ಇದೆ.

ಆ ಪರೀಕ್ಷೆಯ ಕತೆ ಕೇಳಿದರೆ ನಿಮಗೆ ನಗು ಬರುತ್ತದೆ, ನನಗೆ ಆಗ ಬರಲಿಲ್ಲ. ಮಗು ಮಲಗಿದ್ದಾಗಲೇ ತಲೆಗೆ ತಂತಿ ಅಂಟಿಸಿ ನೋಡಬೇಕಂತೆ. ಅದಕ್ಕೆ ಮನೆಯಿಂದ ಹೊರಟು ಆಸ್ಪತ್ರೆ ಮುಟ್ಟುವವರೆಗೆ ಮಲಗಿಸಬಾರದು, ಅಲ್ಲಿ ಹಾಲು ಕುಡಿಸಿ ಮಲಗಿಸಬೇಕು ಎಂದು ಮೇಡಂ ಹೇಳಿ ಕಳಿಸಿದ್ದರು. ಇವರಿಗೆ ಗಿರಣಿ ಬಿಟ್ಟು ಬರಲು ಆಗಲಿಲ್ಲ, ನಾನು, ಅತ್ತೆ ಬಸ್ಸಿನಲ್ಲಿ ಹೊರಟೆವು. ರಿಪ್ಪನ್‌ಪೇಟೆ ಬರುವ ಮೊದಲೇ ಪುಟ್ಟಿಯ ಕಣ್ಣು ಎಳೆಯತೊಡಗಿತು. ನಾನು ಕೆನ್ನೆಗೆ ನೀರು ಹಚ್ಚಿದೆ, ಅಂಗಾಲು ಕೆರೆದೆ, ಕಿಟಕಿಯ ಗಾಳಿಗೆ ಮುಖ ಹಿಡಿದೆ. ಅವಳು ಕಿರುಚಾಡಿದಳು. ಬಸ್ಸಿಗೆ ಬಸ್ಸೇ ನನ್ನ ಮೇಲೆ ಬಿತ್ತು. ‘ಎಂತ ತಾಯಿ ಮಾರಾಯ್ತಿ ನೀನು, ಕೂಸಿಗೆ ನಿದ್ದೆ ಬಂದ್ರೆ ಮಲಗ್ಸೋಕೆ ಆಗೋದಿಲ್ವಾ?’ ಎಂದು ಮುಂದಿನ ಸೀಟಿನ ಅಜ್ಜಿ ಬೈದಳು. ಕಂಡಕ್ಟರು ಬಂದು ಮಗುವಿಗೆ ಹುಷಾರಿಲ್ಲವಾ ಎಂದು ವಿಚಾರಿಸಿದ. ಕಾರಣ ಹೇಳೋಣವೆಂದು ನಾನು ಬಾಯಿ ತೆರೆದರೆ ಅತ್ತೆ ನನ್ನ ತೊಡೆ ಒತ್ತಿದರು, ಹೇಳಬೇಡ ಎಂದು. ಆಯನೂರು ದಾಟುವಾಗ ಅವರಿಗೂ ತಡೆಯಲಿಲ್ಲ. ಮಗುವನ್ನು ಕಿತ್ತುಕೊಂಡು ತಮ್ಮ ಎರಡು ಕಾಲ ಮೇಲೆ ಹಾಕಿ ತೂಗಿಯೇಬಿಟ್ಟರು. ಪುಟ್ಟಿ ಸುಖವಾಗಿ ಮಲಗಿದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಏನು ಮಾಡಿದರೂ ಮಲಗಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತು. ಅತ್ತೆಯ ಮೇಲೆ ಸಿಟ್ಟು ಮಾಡಬೇಕೆಂದರೆ, ಅವರು ಮರಳಿ ಬರುವಾಗ ದಾರಿಯುದ್ದಕ್ಕೂ ಮಗುವಿನ ತಲೆ ಸವರುತ್ತ, ‘ಅಷ್ಟು ಅಳೋ ಮಗೂನ ಹೆಂಗೆ ನೋಡ್ಕೊಂಡು ಕೂರ್ಲಿ?’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಇದೇ ನನ್ನ ಕಷ್ಟ ನೋಡಿ. ಕೆಟ್ಟವರಾಗಿದ್ದರೆ ಜಗಳ ಮಾಡಬಹುದಿತ್ತು.

ಮುಂದಿನ ಸಲ ಪರೀಕ್ಷೆ ಆಯಿತು. ಅದಾದ ಮೇಲೆ ಕಿವಿಯ ಅಚ್ಚು ತೆಗೆಯಲು ಒಂದು ದಿನ ಕೊಟ್ಟರು. ಕಿವಿಯೊಳಗೆ ಮೇಣದಂಥದ್ದನ್ನು ತುಂಬಿ, ಅದು ಗಟ್ಟಿಯಾದ ಮೇಲೆ ತೆಗೆದು, ಆ ಅಳತೆಗೆ ಸರಿಯಾಗಿ ಕಿವಿ ಕೇಳಿಸುವ ಮಿಷನ್ನಿನ ತುದಿ ಮಾಡಿಸುತ್ತಾರೆ. ನಿಮಗೂ ಹಾಗೇ ಮಾಡಿದ್ದರಲ್ಲ. ಕಿವಿಗೆ ಎಣ್ಣೆ ಬಿಡಬೇಡಿ, ನೀರು ಹೋಗದಂತೆ ನೋಡಿಕೊಳ್ಳಿ ಎಂದಿದ್ದರು. ನಾನು ಅದನ್ನು, ಮಗುವಿಗೆ ನೀರೆರೆಯುವ ವೆಂಕಮ್ಮನಿಗೆ ಕೈಮುಗಿದು ಹೇಳಿದೆ. ವೆಂಕಮ್ಮ ನಮ್ಮ ಬೀದಿಯ ಅರ್ಧ ಮಕ್ಕಳಿಗೆ ಎರೆದವಳು, ಅವಳ ಕೈ ಹಿಡಿಯುವವರು ಯಾರು? ‘ಅಮ್ಮೋರು ಹೇಳಿದಾರೆ’ ಎಂದು, ಅತ್ತೆ ಕಾಯಿಸಿ ಕೊಟ್ಟ ಬೆಳ್ಳುಳ್ಳಿ ಎಣ್ಣೆಯನ್ನು, ನಾನು ಬಟ್ಟೆ ತರಲು ಒಳಗೆ ಹೋದ ಗಳಿಗೆಯಲ್ಲಿ ಎರಡೂ ಕಿವಿಗೆ ಬಿಟ್ಟಿದ್ದಳು. ಕಿವಿ ತೆರೆಯಲಿ ಎಂದು ಬಿಟ್ಟ ಎಣ್ಣೆ ಅದು! ಕಿವಿ ಕೆಂಪಾಗಿ, ಒಳಗೆ ಬಾತುಕೊಂಡು, ಮೇಡಂ ನೋಡಿದವರೇ ಅಚ್ಚು ತೆಗೆಯಲು ಆಗುವುದಿಲ್ಲವೆಂದು ಔಷಧ ಬರೆದು ವಾಪಸು ಕಳಿಸಿದರು. ಗದರಲಿಲ್ಲ. ‘ದಿನ ಹೋಗ್ತಾ ಇದೆ ಅಮ್ಮಾ’ ಎಂದಷ್ಟೇ ಹೇಳಿದರು. ಮಾತು ಕಲಿಯುವ ಕಾಲವಂತೆ ಇದು. ಕಿವಿಗೆ ಬೀಳದೆ ಹೋದ ತಿಂಗಳು ಹೋದದ್ದೇ, ಆಮೇಲೆ ಎರಡರಷ್ಟು ಕಷ್ಟಪಡಬೇಕಂತೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಕೂತು ಅತ್ತುಬಿಟ್ಟೆ. ಪುಟ್ಟಿ ನನ್ನ ಕಣ್ಣೀರನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ರುಚಿ ನೋಡುತ್ತಿದ್ದಳು.

ಆದರೆ ಆ ದಿನ ಒಂದು ಒಳ್ಳೆಯದೂ ಆಯಿತು. ಆಸ್ಪತ್ರೆಯ ಬೆಂಚಿನಲ್ಲಿ ಕೋಣಂದೂರಿನ ಚೈತ್ರಾ ಎಂಬವಳು ಸಿಕ್ಕಿದಳು. ಅವಳ ಮಗ ಹೇರಂಬನಿಗೆ ಹಾಲುಗಲ್ಲದ ವಯಸ್ಸಿನಲ್ಲೇ ಮಿಷನ್ ಹಾಕಿಸಿದ್ದಾರೆ. ಈಗ ಆ ಹುಡುಗ ಬೆಂಚಿನ ಮೇಲೆ ಹತ್ತಿ, ‘ಅಮ್ಮಾ, ಆ ಪಾಪು ನನ್ನ ನೋಡ್ತಿದೆ’ ಎಂದ. ನಾನು ಅವನ ಕಿವಿ ನೋಡುವುದೋ ಬಾಯಿ ನೋಡುವುದೋ ತಿಳಿಯದೆ ಹೋದೆ. ಚೈತ್ರಾ ನನಗೆ ಉಪಾಯ ಹೇಳಿಕೊಟ್ಟಳು. ‘ಮಿಷನ್ ಬರೋವರೆಗೆ ಸುಮ್ನೆ ಕೂರ್ಬೇಡಿ ಅಕ್ಕ. ಕಿವಿ ಮುಟ್ಟಿಸ್ಕೊಳ್ಳೋದು ಕಲಿಸಿ. ಇಲ್ದಿದ್ರೆ ಹಾಕಿದ್ದನ್ನ ಕಿತ್ತು ಎಸೀತಾವೆ. ಇವ್ನು ನಮ್ಮನೆ ನಾಯಿ ಬಾಯಿಗೇ ಕೊಟ್ಟಿದ್ದ’ ಎಂದಳು. ಅಂದಿನಿಂದ ಅದೇ ನನ್ನ ಕೆಲಸ. ಹಾಲು ಕುಡಿಸುವಾಗ ಕಿವಿ ಸವರುವುದು. ಕಿವಿಯ ಹಿಂದೆ ಮೆತ್ತಗೆ ಒತ್ತುವುದು. ಬಟ್ಟೆಯಲ್ಲಿ ಹುರುಳಿಕಾಯಿಯಷ್ಟು ಸಣ್ಣ ಸುರುಳಿ ಹೊಲಿದುಕೊಂಡಿದ್ದೇನೆ, ಅದನ್ನು ಕಿವಿಯ ಮೇಲೆ ಕೂರಿಸಿ, ಕಟ್ಟುವ ಟೊಪ್ಪಿ ಹಾಕಿ, ಕೈಗೆ ಮರದ ಗಿಲಕಿ ಕೊಡುವುದು. ಗಿಲಕಿಯ ಸದ್ದು ಅವಳಿಗೆ ಬೇಡ, ಬಣ್ಣ ಬೇಕು. ಮೊದಮೊದಲು ತಲೆ ಕೊಡವಿ ಕಿರುಚುತ್ತಿದ್ದಳು. ಎಣ್ಣೆಯ ನೋವು ನೆನಪಿತ್ತಲ್ಲ. ನಾನು ಬಿಡಲಿಲ್ಲ. ಮುಟ್ಟುವುದು, ಮುತ್ತು ಕೊಡುವುದು, ಮುಟ್ಟುವುದು, ಮುತ್ತು ಕೊಡುವುದು. ಈಗ ಏನು ಮಾಡುತ್ತಾಳೆ ಗೊತ್ತಾ ಅಪ್ಪಾ? ನಾನು ಬೆರಳು ತೋರಿಸಿದರೆ ಸಾಕು, ತಾನೇ ತಲೆ ವಾಲಿಸಿ ಕಿವಿ ಕೊಡುತ್ತಾಳೆ. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ ತಿರುಗಿಸಿ ಅದನ್ನೂ ಕೊಡುತ್ತಾಳೆ. ಅಚ್ಚು ತೆಗೆದ ದಿನ ಅಲ್ಲಿ ಹಾಗೇ ಮಾಡಿದಳು. ಮೇಡಂ ಅಚ್ಚರಿಪಟ್ಟು, ‘ಕಿವಿ ಕೊಡೋ ಮಗು ಅಂದ್ರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ’ ಎಂದು ನನ್ನ ಬೆನ್ನು ತಟ್ಟಿದರು. ಈ ಮನೆಗೆ ಬಂದ ಮೇಲೆ ನಾನು ಏನನ್ನಾದರೂ ಸರಿಯಾಗಿ ಮಾಡಿದ್ದೇನೆ ಎಂದು ಒಬ್ಬರು ಹೇಳಿದ್ದು ಅದೇ ಮೊದಲು.

ಮಿಷನ್ ಬಂದಿದೆ. ಹಾಕಲು ಮಾರ್ಚ್ ಮೂರನೇ ತಾರೀಕು ಸೋಮವಾರ ಬರಲು ಹೇಳಿದ್ದಾರೆ. ಮೊದಲ ದಿನ ಹೇಗಿರುತ್ತದೆ ಎಂದು ನಿಮ್ಮನ್ನಲ್ಲದೆ ಯಾರನ್ನು ಕೇಳಲಿ? ನಿಮಗೆ ಹಾಕಿದ ದಿನ ನಮ್ಮ ಮನೆಯ ನಲ್ಲಿ ಸದ್ದಿಗೆ ನೀವು ಎದ್ದು ನಿಂತದ್ದು, ಅಮ್ಮ ಈರುಳ್ಳಿ ಹೆಚ್ಚಿದರೆ ಹಲಗೆ ಒಡೆಯುತ್ತಿದ್ದಾಳೆ ಎಂದದ್ದು ನನಗೆ ನೆನಪಿದೆ. ಎಲ್ಲ ಸದ್ದೂ ಒಟ್ಟಿಗೆ ಮೈಮೇಲೆ ಬಂತು ಎಂದು ಹೇಳಿದ್ದಿರಿ. ಇವಳಿಗೂ ಹಾಗಾಗುತ್ತದಾ? ಮನೆಗೆ ತಂದ ದಿನ ಗಿರಣಿ ನಿಲ್ಲಿಸಿಯೆಂದು ಕೇಳಬೇಕು, ಹೇಗೆ ಕೇಳುವುದೋ ತಿಳಿಯದು. ಮೊದಲು ಒಳಕೋಣೆಯಲ್ಲಿ ಕೂತು, ಹತ್ತಿರದಿಂದ, ನನ್ನ ಧ್ವನಿ ಮಾತ್ರ ಕೇಳಿಸಬೇಕೆಂದು ನನಗೆ ಆಸೆ. ಏನು ಹೇಳಬೇಕೆಂದು ಇನ್ನೂ ತೀರ್ಮಾನ ಆಗಿಲ್ಲ. ಒಂದೊಂದು ದಿನ ಒಂದೊಂದು ಮಾತು ಸರಿ ಎನಿಸುತ್ತದೆ.

ಇಷ್ಟೆಲ್ಲ ಆದ ಮೇಲೆ, ಭಾನುವಾರ ಕಿವಿ ಚುಚ್ಚಿಸುವುದು. ಸೋಮವಾರದ ಹಿಂದಿನ ದಿನ. ಅತ್ತೆ ಹೀಗೆ ಗೊತ್ತು ಮಾಡಿ ಬಂದು, ಆಮೇಲೆ ನನಗೆ ಹೇಳಿದರು. ಅಕ್ಕಸಾಲಿ ಉಮಾಮಹೇಶ್ವರ ಆಚಾರ್‌ಗೆ ಹೇಳಿಯಾಗಿದೆ, ಅಡಿಗೆಯವರಿಗೆ ಹೇಳಿಯಾಗಿದೆ. ಚುಚ್ಚಿದರೆ ಕಿವಿಯ ನರ ಬಿಡುತ್ತದೆ, ಮಿಷನ್ನಿನ ಅಗತ್ಯವೇ ಬೀಳದೆ ಹೋದರೂ ಹೋಗಬಹುದು ಎಂದು ಯಾರೋ ಹೇಳಿದ್ದಾರೆ. ನಾನು ಇವರ ಫೋನಿನಿಂದ ಮೇಡಂಗೆ ಕೇಳಿದೆ. ‘ಬೇಡಮ್ಮಾ, ಮಿಷನ್ ಹಾಕಿ ಒಗ್ಗಿದ ಮೇಲೆ ಬೇಕಾದ್ರೆ ಚುಚ್ಚಿಸಿ. ಈಗ ನೋವಾದ್ರೆ ಕಿವಿ ಮುಟ್ಟೋಕೆ ಬಿಡೋದಿಲ್ಲ. ಬಾತ್ರೆ ಮತ್ತೆ ಕಾಯ್ಬೇಕು. ಅಷ್ಟ್ರಲ್ಲಿ ಮಗು ಬೆಳೀತದೆ, ಅಚ್ಚು ಸಡಿಲ ಆಗ್ತದೆ, ಮತ್ತೆ ಮೊದಲಿಂದ ಶುರು’ ಎಂದರು. ಈ ಮಾತನ್ನು ಇವರಿಗೆ ಹೇಳಿದೆ. ಇವರು ತಲೆ ಕೆರೆದುಕೊಂಡು, ‘ಅಮ್ಮ ಸೋಮವಾರ ಹೋಗೋಕೆ ಒಪ್ಪಿದ್ದೇ ದೊಡ್ಡದು. ಭಾನುವಾರದ್ದು ಒಂದು ನಡೀಲಿ ಬಿಡು. ಸೋಮವಾರ ಏನೇ ಆದ್ರೂ ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ’ ಎಂದರು. ಆ ಮಾತು ಉಳಿಸಿಕೊಳ್ಳುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭಾನುವಾರ ಬಿಸಿಲು ಏರುವ ಮೊದಲೇ ನನ್ನ ಸೋಮವಾರ ಮುಗಿದಿರುತ್ತದೆ ಎಂಬುದು ಅವರಿಗೆ ಅರ್ಥವಾಗುವುದಿಲ್ಲ. ತಾನಾಗಿ ಕಿವಿ ಕೊಡುವ ಮಗುವನ್ನು ಹಿಡಿದು, ಆ ಕಿವಿಗೇ ತಂತಿ ತೂರಿಸಿದರೆ, ಮಾರನೇ ದಿನ ನಾನು ಬೆರಳು ತೋರಿಸಿದಾಗ ಅವಳು ನನ್ನನ್ನು ಹೇಗೆ ನೋಡುತ್ತಾಳೆ?

ಅತ್ತೆಗೂ ಹೇಳಿದೆ. ಸಿಟ್ಟಿನಿಂದಲೇ ಹೇಳಿದೆ, ಸುಳ್ಳೇಕೆ? ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ‘ದೀಪಾ, ಸೋಮವಾರ ಆ ಮಿಷನ್ ಹಾಕಿದ ಮೇಲೆ ಗಿರಣಿಗೆ ಬಂದೋರೆಲ್ಲ ಅದನ್ನೇ ನೋಡೋದು. ಮಗೂನ ಯಾರೂ ನೋಡೋದಿಲ್ಲ. ಒಂದೇ ಒಂದು ದಿನ, ಬರೀ ಕಿವೀಲಿ ಚಿನ್ನ ಹಾಕ್ಕೊಂಡು ನಾಕು ಜನರ ಮುಂದೆ ನನ್ನ ಮೊಮ್ಮಗಳು ಕೂರ್ಲಿ. ಒಂದು ಫೋಟೋ ಇರ್ಲಿ’ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಏನು ಹೇಳಲಿ ಅಪ್ಪಾ? ಈ ಮನೆಯಲ್ಲಿ ಯಾರೂ ನನಗೆ ಬೀಗ ಹಾಕಿಲ್ಲ. ಊಟಕ್ಕೆ ಕಡಿಮೆ ಇಲ್ಲ, ಕೈ ಎತ್ತಿದವರಿಲ್ಲ. ಆದರೂ ಯಾವ ಬಾಗಿಲಿಗೆ ಹೋದರೂ ಯಾರದಾದರೊಬ್ಬರ ಪ್ರೀತಿ ಅಡ್ಡ ನಿಂತಿರುತ್ತದೆ. ಮಗುವನ್ನು ಎತ್ತಿಕೊಂಡು ಬೀದಿಗೆ ಬಂದರೆ, ಎದುರಿನ ಅಂಗಡಿಯವರು ಎಲ್ಲಿಗೆ ಹೊರಟಿರಿ ಎಂದು ಕೇಳುವ ಹೊತ್ತಿಗೆ ಅತ್ತೆ ಹಿಂದೆ ಇರುತ್ತಾರೆ. ಜೋಗಕ್ಕೆ ಬಂದುಬಿಡೋಣವೆಂದರೆ ಅಮ್ಮ ಮಾರನೇ ದಿನವೇ ಬುದ್ಧಿ ಹೇಳಿ ಬಸ್ಸು ಹತ್ತಿಸುತ್ತಾಳೆ. ನಾನು ಓದಿದವಳು, ಬಾಯಿ ಇರುವವಳು ಎಂದು ನೀವು ಎಲ್ಲರ ಮುಂದೆ ಹೇಳಿಕೊಳ್ಳುತ್ತೀರಿ. ಆ ಬಾಯಿ ಇಲ್ಲಿ ಕೆಲಸಕ್ಕೆ ಬರುತ್ತಿಲ್ಲ.

ಗಿರಣಿ ನಿಂತಿತು. ಅತ್ತೆ ಈಗ ಒಳಗೆ ಬರುತ್ತಾರೆ. ಗಣೇಶನ ಅಂಗಡಿ ಹೇಗೆ ನಡೆಯುತ್ತಿದೆ? ದಿನಾ ಸಾಗರಕ್ಕೆ ಓಡಾಡುವ ಬದಲು ಅಲ್ಲೇ ಕೋಣೆ ಮಾಡುತ್ತೇನೆ ಎನ್ನುತ್ತಿದ್ದನಂತೆ, ಬೇಡವೆನ್ನಿ, ನೀವಿಬ್ಬರೇ ಆಗುತ್ತೀರಿ. ಅಮ್ಮನಿಗೆ ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಲು ಹೇಳಿ. ಪುಟ್ಟಿಯಿಂದ ಅಜ್ಜನಿಗೆ, ಅಜ್ಜಿಗೆ, ಮಾವನಿಗೆ ಒಂದೊಂದು ಎಂಜಲು ಮುತ್ತು. ನಿಮ್ಮಿಬ್ಬರ ಪಾದಕ್ಕೆ ನನ್ನ ನಮಸ್ಕಾರ. ನಮ್ಮಿಬ್ಬರ ಮೇಲೆ ನಿಮ್ಮ ಆಶೀರ್ವಾದ ಇರಲಿ.

ನಿಮ್ಮ ಮಗಳು,
ದೀಪಶ್ರೀ

ಮರೆಯುವ ಮುನ್ನ: ಇಷ್ಟನ್ನು ಅಮ್ಮನಿಗೆ ಓದಿ ಹೇಳಬೇಡಿ. ಆ ದಿನ ನೀವು ಯಾರೂ ಬರಬೇಡಿ ಅಪ್ಪಾ. ಮುಖ್ಯವಾಗಿ ಗಣೇಶನನ್ನು ಕಳಿಸಬೇಡಿ. ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳದೆ ಇವರಲ್ಲಿ ಕಿವಿ ಚುಚ್ಚುವುದಿಲ್ಲ, ಅತ್ತೆ ಕ್ರಮ ಮೀರುವವರಲ್ಲ, ಪುಟ್ಟಿಗೆ ಇರುವುದು ಒಬ್ಬನೇ ಮಾವ. ಅವನು ಚಿನ್ನದ ತಂತಿ ಮಾಡಿಸಿಟ್ಟುಕೊಂಡು ಕುಣಿಯುತ್ತಿದ್ದಾನೆ, ನನಗೆ ಗೊತ್ತು. ಹೇಗಾದರೂ ತ‌ಡೆಯಿರಿ. ಮೊದಲೇ ಬರುವುದಿಲ್ಲವೆಂದು ಹೇಳಬೇಡಿ, ಹೇಳಿದರೆ ದಿನ ಬದಲಿಸಿ ಸೋಮವಾರವನ್ನೂ ನುಂಗುತ್ತಾರೆ. ಆಮೇಲೆ ಬೀಗರಿಗೆ ಮರ್ಯಾದೆ ತಿಳಿಯದು ಎನ್ನುತ್ತಾರೆ, ಫೋನು ಮಾಡಿ ಬೈಯುತ್ತಾರೆ. ನಿಮಗೆ ಕೇಳಿಸುವುದಿಲ್ಲ, ಅದೊಂದು ಪುಣ್ಯ. ಇಲ್ಲಿ ನನಗೆ ಹೇಳುವುದನ್ನು ನಾನು ಕೇಳಿಸಿಕೊಳ್ಳುತ್ತೇನೆ. ಭಾನುವಾರ ಎಲ್ಲರ ಜೊತೆ ನಾನೂ ಬಾಗಿಲಲ್ಲಿ ನಿಂತು ಸಾಗರದ ದಾರಿ ನೋಡುತ್ತೇನೆ. ತವರಿನವರು ಬರಲಿಲ್ಲವೆಂದು ಅಳುತ್ತೇನೆ. ನಿಮ್ಮನ್ನು ನೋಡದೆ ಎಷ್ಟು ಕಾಲವಾಯಿತು, ಆ ಅಳು ಸುಳ್ಳಾಗಿರುವುದಿಲ್ಲ. ಆದರೂ ಬರಬೇಡಿ.